ಮಂಜಿನಲ್ಲಿ ಕಂಡ ಕೆಂಪು

ಕಳೆದ ವಾರ ಸೊರಬದಲ್ಲಿ ಒಂದು ಕೆಲಸವಿತ್ತು. ಬಸ್ಸು ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಹೋಗಿರಬೇಕು, ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಬಿಸಿಲಿಗೆ ಹರಡಿದ ಮೆಕ್ಕೆಜೋಳದ ವಾಸನೆ. ಅರ್ಧ ದೂಳು, ಅರ್ಧ ಹುಳಿ. ನಾನು ಕಿಟಕಿ ಎಳೆದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ತೆಗೀರಿ ಮತ್ತೆ, ಗಾಳಿ ಬೇಕಲ್ರೀ" ಎಂದರು. ತೆಗೆದೆ.

ಆ ಕಡೆ ಕಣ ಮಾಡುವವರು ಈಗ ಕಡಿಮೆ. ಡಾಂಬರು ರಸ್ತೆಯೇ ಕಣ. ಸುಗ್ಗಿ ಬಂದರೆ ರಸ್ತೆಯ ಒಂದು ಮಗ್ಗುಲು ಮೈಲಿಗಟ್ಟಲೆ ಹಳದಿಯಾಗುತ್ತದೆ. ಅಂಚಿಗೆ ಕಲ್ಲು ಜೋಡಿಸಿರುತ್ತಾರೆ, ಸಂಜೆಗೆ ಕಾಳನ್ನು ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ. ಯಾವ ತುಂಡು ರಸ್ತೆ ಯಾರ ಮನೆಯದು ಎಂಬುದು ಯಾವ ಪಹಣಿಯಲ್ಲೂ ಇಲ್ಲ. ಆದರೂ ಊರಿನ ಪ್ರತಿಯೊಬ್ಬರಿಗೂ ಅದು ಗೊತ್ತು. ಒಂದು ಮಾರು ಆಚೀಚೆಯಾದರೆ ಜಗಳ.

ಆರು ವರ್ಷದ ಹಿಂದೆ ನಾನು ಶಿಕಾರಿಪುರದಲ್ಲಿ ಕೋಣೆ ಮಾಡಿಕೊಂಡು, ದಿನಾ ಸೊರಬದ ಒಂದು ಕಾಲೇಜಿಗೆ ಓಡಾಡುತ್ತಿದ್ದೆ. ಇತಿಹಾಸದ ಅತಿಥಿ ಉಪನ್ಯಾಸಕಿ. ಆ ಒಂದು ಸುಗ್ಗಿಯಲ್ಲಿ ನಡೆದದ್ದನ್ನು ಬರೆಯಲು ಹಿಂದೆ ಎರಡು ಸಲ ಕೂತು, ಅರ್ಧಕ್ಕೇ ಕೈಬಿಟ್ಟಿದ್ದೇನೆ. ಬರೆಯುತ್ತ ಹೋದಂತೆ ವಾಕ್ಯಕ್ಕೆ ಚೆನ್ನಾಗಿ ಹೊಂದುವ ವಿವರಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಈ ಸಲ ಒಂದು ಎಚ್ಚರಿಕೆ ಇಟ್ಟುಕೊಂಡಿದ್ದೇನೆ: ಆಗಿನ ನನ್ನ ಡೈರಿಯಲ್ಲಿ ಇರುವುದನ್ನು ಡೈರಿಯಲ್ಲಿದೆ ಎಂದೇ ಹೇಳುತ್ತೇನೆ. ಉಳಿದದ್ದು ನನ್ನ ನೆನಪು, ಅದನ್ನು ಅಷ್ಟರಮಟ್ಟಿಗೆ ತೆಗೆದುಕೊಂಡರೆ ಸಾಕು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಅದೇ ಜನ ಇದ್ದಾರೆ. ಇಲ್ಲಿ ಹಾಕಿರುವ ಹೆಸರುಗಳೂ ಅವರವಲ್ಲ.

ಕೋಣೆಯಲ್ಲಿ ನನ್ನ ಜೊತೆ ವಿನುತ ಇದ್ದಳು. ನಮ್ಮ ಕಾಲೇಜಿನಲ್ಲೇ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಅವಳಿಗೆ ಚಿತ್ರಕಾದಂಬರಿಗಳ, ಅಂದರೆ ದೊಡ್ಡವರ ಕಾಮಿಕ್ಸ್‌ಗಳ ಹುಚ್ಚು. ಅವನ್ನು ಮಕ್ಕಳ ಚಿತ್ರಪುಸ್ತಕ ಎಂದರೆ ಸಿಟ್ಟಾಗುತ್ತಿದ್ದಳು. ಅಂಥ ಒಂದು ಪುಸ್ತಕಮಾಲೆಯಿಂದ ಮಾಡಿದ ಅಪರಾಧದ ಸಿನಿಮಾವೊಂದನ್ನು ಪೆನ್‌ಡ್ರೈವಿನಲ್ಲಿ ತಂದಳು. ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಕಾಲೇಜಿನ ಪ್ರೊಜೆಕ್ಟರನ್ನು ಕೇಳಿ ತಂದು, ಕಿಟಕಿಗೆ ಕಂಬಳಿ ಕಟ್ಟಿ, ಸುಣ್ಣ ಬಳಿದ ಗೋಡೆಯ ಮೇಲೆ ಅದನ್ನು ಹಾಕಿದೆವು.

ಇಡೀ ಸಿನಿಮಾ ಕಪ್ಪು ಬಿಳುಪು. ಬೂದುಬಣ್ಣವೂ ಹೆಚ್ಚಿಲ್ಲ, ಮಸಿ ಮತ್ತು ಕಾಗದ ಅಷ್ಟೇ. ಮಳೆ ಎಂದರೆ ಬಿಳಿ ಗೀರು, ನೆರಳು ಎಂದರೆ ಚೆಲ್ಲಿದ ಮಸಿ. ಪುಸ್ತಕದ ಚೌಕಗಳಂತೆ ಒಂದೊಂದು ದೃಶ್ಯವೂ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಹೊಡೆದಾಟ, ಕೊಲೆ, ಮತ್ತೆ ಕೊಲೆ. ರಕ್ತ ಕೂಡ ಕಪ್ಪು. ಅಷ್ಟರಲ್ಲಿ ಒಂದೇ ಒಂದು ಬಣ್ಣ, ಕೊಲೆಗಾರನ ಉದ್ದ ಕೋಟಿನ ಕೆಂಪು. ಆ ಕೆಂಪು ಗೋಡೆಯ ಮೂಲೆಯಲ್ಲಿ ಕಂಡರೆ ಸಾಕು, ಯಾರೋ ಸಾಯುತ್ತಾರೆ ಎಂದು ಗೊತ್ತಾಗುತ್ತಿತ್ತು.

ಮನೆಯೊಡತಿ ಶಾಂತಕ್ಕ ಇಣುಕಿ ನೋಡಿದವರು ಬಾಗಿಲ ಹತ್ತಿರವೇ ಕೂತರು.

"ಕಲರ್ ಟೀವಿ ಬಂದು ಎಷ್ಟು ಕಾಲ ಆತು, ನೀವು ಓದಿದೋರು ಇನ್ನೂ ಕಪ್ಪು ಬಿಳಿದು ನೋಡ್ತೀರಲ್ರೀ?"

"ಇದು ಬೇಕಂತಲೇ ಹಿಂಗೆ ಮಾಡಿರೋದು ಶಾಂತಕ್ಕ."

ಅವರು ಇನ್ನಷ್ಟು ಹೊತ್ತು ನೋಡಿದರು. "ರಕ್ತ ಕಪ್ಪಗೈತಿ, ಕೋಟು ಕೆಂಪಗೈತಿ. ಎಲ್ಲಾ ತಿರುಗಾಮುರುಗಾ ಮಾಡ್ಯಾರೆ. ನನಗೆ ಇದ್ರಾಗೆ ಒಬ್ಬರ ಮ್ಯಾಲೂ ಅಯ್ಯೋ ಅನ್ನಿಸ್ಲಿಲ್ಲ ನೋಡ್ರಿ" ಎಂದು ಎದ್ದು ಹೋದರು.

ನನಗೂ ಅನ್ನಿಸಿರಲಿಲ್ಲ. ನನಗೆ ಸಿನಿಮಾ ಬಹಳ ಹಿಡಿಸಿತ್ತು. ಕೊಲೆಯೊಂದು ನೋಡಲು ಅಷ್ಟು ಚೆನ್ನಾಗಿರಬಹುದು ಎಂದು ನಾನು ಅಂದುಕೊಂಡಿರಲಿಲ್ಲ. ಅದರ ಪಾತ್ರಗಳೆಲ್ಲ ತಮ್ಮೊಳಗೆ ತಾವು ಮಾತಾಡಿಕೊಳ್ಳುತ್ತಿದ್ದವು, ಒಬ್ಬರಿಗೂ ತಾವು ಕಂಡದ್ದರ ಬಗ್ಗೆ ಅನುಮಾನವಿರಲಿಲ್ಲ. ಈಗ ಅದು ವಿಚಿತ್ರ ಎನ್ನಿಸುತ್ತದೆ. ಆಗ ಗಮನಿಸಿದ್ದೆನೋ ಇಲ್ಲವೋ ಹೇಳಲಾರೆ.

ಮರುದಿನ ಸೋಮವಾರ ವಿನುತಳಿಗೆ ಮೊದಲ ತರಗತಿ ಇರಲಿಲ್ಲ, ನಾನೊಬ್ಬಳೇ ಹೊರಟೆ. ಖಾಸಗಿ ಬಸ್ಸು, ಡ್ರೈವರಿನ ಹಿಂದಿನ ಸೀಟು. ದಟ್ಟ ಮಂಜು. ಶಿರಾಳಕೊಪ್ಪ ದಾಟಿದ ಮೇಲೆ ಒಂದು ಊರಿನ ಹೊರಗೆ ಬಸ್ಸು ನಿಂತಿತು. ತಾಡಪಾಲು ಹೊದಿಸಿದ ಜೋಳದ ರಾಶಿ ರಸ್ತೆಯ ನಡುವಿನವರೆಗೂ ಬಂದಿತ್ತು. ಡ್ರೈವರ್ ಹಾರ್ನ್ ಮಾಡಿ ಬೈದ. ರಾಶಿಯ ಆಚೆ ಇಬ್ಬರು ಗಂಡಸರು ಕೂಗಾಡುತ್ತಿದ್ದರು. ಮಾತು ತಿಳಿಯುತ್ತಿರಲಿಲ್ಲ. ಒಬ್ಬ ಕಾಳು ಎಳೆಯುವ ಉದ್ದ ಹಿಡಿಯ ಹಲಗೆಯನ್ನು ಎತ್ತಿದ. ಹಲಗೆ ಇಳಿಯಿತು. ಇನ್ನೊಬ್ಬ ಕಾಣಿಸಲಿಲ್ಲ. ಹೊಡೆದವನು ಒಂದು ಗಳಿಗೆ ಹಾಗೇ ನಿಂತು, ರಸ್ತೆ ಬದಿಯ ಹೊಲಕ್ಕೆ ಇಳಿದು ಹೋದ.

ಬಸ್ಸಿನಲ್ಲಿದ್ದದ್ದು ಏಳೆಂಟು ಜನ, ಹೆಚ್ಚಿನವರು ತೂಕಡಿಸುತ್ತಿದ್ದರು. ಊರಿನ ಕೆಲವರು ಓಡಿ ಬಂದರು. ಹಿಂದಿನಿಂದ ಬಂದ ಗೂಡ್ಸ್ ಗಾಡಿಯಲ್ಲಿ ಬಿದ್ದವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಡ್ರೈವರ್ ರಾಶಿಯ ಅಂಚು ಹತ್ತಿಸಿಯೇ ಬಸ್ಸು ದಾಟಿಸಿದ. ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದ, "ಮೇಡಂ, ನಾವೇನೂ ಕಂಡಿಲ್ಲ. ನೀವೂ ಕಂಡಿಲ್ಲ. ಕೋರ್ಟಿಗೆ ಅಲೆಯೋಕೆ ನಮಗೆ ಪುರುಸೊತ್ತಿಲ್ಲ."

ಆ ಮಾತು ನನ್ನನ್ನು ಕೆಣಕಿತು. ಬಿದ್ದವನ ಹೆಸರು ಪರಮೇಶಪ್ಪ, ಪ್ರಜ್ಞೆ ಬಂದಿಲ್ಲ ಎಂದು ಮಂಗಳವಾರ ತಿಳಿಯಿತು. ಬುಧವಾರ ಬೆಳಗಿನ ಜಾವ ಅವರು ತೀರಿಕೊಂಡರು. ಬಸ್ಸಿನಲ್ಲಿ ಆ ಸುದ್ದಿ ಕೇಳಿದವಳು ಆ ಊರಿನಲ್ಲೇ ಇಳಿದುಬಿಟ್ಟೆ. ಓದಿದವರೇ ಬಾಯಿ ಮುಚ್ಚಿಕೊಂಡರೆ ಹೇಗೆ ಎಂದು ವಿನುತಳ ಮುಂದೆ ಹಿಂದಿನ ದಿನ ದೊಡ್ಡದಾಗಿ ಮಾತಾಡಿದ್ದೆ, ಅದೂ ಒಂದು ಕಾರಣ.

ಶಾಲೆಯ ಜಗಲಿಯ ಮೇಲೆ ಪೊಲೀಸ್ ದಫೇದಾರರು ಕೂತಿದ್ದರು. ಎದುರಿಗೆ ಇಪ್ಪತ್ತು ಮೂವತ್ತು ಜನ. ನಾನು ಹೋಗಿ, ಕಣ್ಣಾರೆ ನೋಡಿದ್ದೇನೆ ಎಂದೆ. ಗುಂಪು ಜಾಗ ಬಿಟ್ಟಿತು. ಸುಮಾರು ಮೂವತ್ತರ ಒಬ್ಬ ಗಂಡಸು ಶಾಲೆಯೊಳಗಿಂದ ನನಗೊಂದು ಕುರ್ಚಿ ತಂದು, ಟವೆಲಿನಿಂದ ದೂಳು ಒರೆಸಿ ಇಟ್ಟ. "ಕೂತ್ಕಳ್ರಿ ಮೇಡಂ" ಎಂದ.

"ಒಳ್ಳೇದಾತು ನೀವು ಬಂದಿದ್ದು" ಎಂದರು ದಫೇದಾರರು. "ನಮ್ಮ ಸ್ಟೇಷನ್ ರೈಟ್ರು ರಜಾ ಮ್ಯಾಲೆ ಹೋಗ್ಯಾರೆ. ನನ್ನ ಅಕ್ಷರ ನನಗೇ ತಿಳಿಯಲ್ಲ. ನಿಮ್ಮ ಹೇಳಿಕೆ ನೀವೇ ಬರ್ದು ಬಿಡ್ರಿ."

ಈ ಕಡೆ ಅದು ಹೊಸದಲ್ಲ. ಮಹಜರಿರಲಿ, ಅರ್ಜಿಯಿರಲಿ, ಪಾಲುಪತ್ರವಿರಲಿ, ಜಾಗದಲ್ಲಿ ಹೆಚ್ಚು ಓದಿದವರು ಯಾರಿದ್ದಾರೋ ಅವರ ಕೈಗೆ ಪೆನ್ನು ಕೊಡುತ್ತಾರೆ, ಉಳಿದವರು ಕೆಳಗೆ ಸೈ ಮಾಡುತ್ತಾರೆ. ಬರೆಯುವವರಿಗೆ ಒಂದು ಮರ್ಯಾದೆ. ನಾನು ಬ್ಯಾಗಿನಿಂದ ನನ್ನದೇ ಪೆನ್ನು ತೆಗೆದೆ.

ಸ್ಥಳ, ಹೊತ್ತು, ರಾಶಿ, ಹಲಗೆ, ಎಲ್ಲ ಬರೆದದ್ದಾಯಿತು. ದಫೇದಾರರು ಕೇಳಿದರು, "ಮುಖ ಕಂಡ್ರಾ?"

"ಇಲ್ಲ, ಮಂಜಿತ್ತು."

"ಏನ್ ಹಾಕ್ಕಂಡಿದ್ದ?"

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಕಾಣಿಸಿತು. "ಮೇಲೆ ಕೆಂಪು ಇತ್ತು" ಎಂದೆ.

ಗುಂಪಿನ ಹಿಂದಿನಿಂದ ಒಂದು ಗೊಗ್ಗರು ಧ್ವನಿ, "ಬೀಜದ ಜರ್ಕಿನ್ನು" ಎಂದಿತು. ತಲೆಗಳೆಲ್ಲ ಒಂದೇ ಕಡೆ ತಿರುಗಿದವು. ನನಗೆ ಕುರ್ಚಿ ತಂದಿಟ್ಟವನು ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಅವನ ಹೆಸರು ಹಾಲೇಶ.

ಆ ವರ್ಷ ಬೀಜದ ಕಂಪನಿಯೊಂದು ಹಾಲೇಶನ ಹೊಲದಲ್ಲಿ ಪ್ರಾತ್ಯಕ್ಷಿಕೆ ಮಾಡಿ, ಅವನಿಗೊಂದು ಕೆಂಪು ಜರ್ಕಿನ್ ಕೊಟ್ಟಿತ್ತಂತೆ. ಊರಿಗೆ ಅದೊಂದೇ. ಪರಮೇಶಪ್ಪನ ಜೋಳದ ಜಾಗಕ್ಕೆ ತಾಗಿದ ತುಂಡು ರಸ್ತೆ ಅವನದು. ವಾರದ ಹಿಂದೆ ಕಲ್ಲು ಸರಿಸಿದ ವಿಷಯಕ್ಕೆ ಇಬ್ಬರೂ ಕೈ ಕೈ ಮಿಲಾಯಿಸಿದ್ದರು. ಇದೆಲ್ಲ ನನಗೆ ಆ ಐದು ನಿಮಿಷದಲ್ಲಿ ಸುತ್ತಲಿಂದ ಕೇಳಿ ಬಂದದ್ದು.

ಹಾಲೇಶ ಮೊದಲು ನಕ್ಕ. "ಜರ್ಕಿನ್ ನಂದೇ ರೀ. ಆದ್ರೆ ಅವತ್ತು ನಾನು ಹಾಕ್ಕಂಡೇ ಇರ್ಲಿಲ್ಲ, ತೊಳದು ಹಗ್ಗಕ್ಕೆ ಹಾಕಿತ್ತು. ನಾನು ಮನಿಯಾಗೆ ದನಕ್ಕೆ ನೀರು ಇಡ್ತಿದ್ದೆ." ನಂತರ ಯಾರೂ ನಗದಿರುವುದನ್ನು ನೋಡಿ ನನ್ನ ಕಡೆ ತಿರುಗಿದ. "ಮೇಡಂ, ನನ್ನ ಸರಿಯಾಗಿ ನೋಡ್ರಿ. ನಾನಾ?"

"ನಾನು ಮುಖ ನೋಡಿಲ್ಲ" ಎಂದೆ. "ಕೆಂಪು ಮಾತ್ರ ನೋಡಿದ್ದು."

ಅದಾದ ಮೇಲೆ, ಸೋಮವಾರ ರಾಶಿಯ ಹತ್ತಿರ ಓಡಿ ಬಂದಿದ್ದವರಲ್ಲಿ ನಾಲ್ವರ ಹೇಳಿಕೆ. ಅವರದನ್ನೂ ನಾನೇ ಬರೆದೆ. ಅವರಲ್ಲಿ ಒಬ್ಬರು ಮುದುಕರು, "ಏನೋ ಹೊಲದಾಗೆ ಹೋದಂಗಾತು ರೀ, ಮಂಜು ನೋಡ್ರಿ" ಎಂದರು.

"ಏನು ಹೋದಂಗಾತು? ಮನಷಾನಾ, ನಾಯಿನಾ?" ದಫೇದಾರರು ಗದರಿದರು. "ಮೇಡಂ ಅಷ್ಟು ದೂರದಿಂದ ಕಂಡಾರೆ, ನೀನು ಹತ್ರ ಇದ್ದೋನು. ಕೆಂಪು ಇತ್ತೋ ಇಲ್ಲೋ?"

"ಇದ್ದಿದ್ದಾತು ಬಿಡ್ರಿ. ಮೇಡಂ ಅಂತಾರಲ್ಲ."

ನಾನು ಬರೆದೆ: 'ಕೆಂಪು ಬಣ್ಣದ ಜರ್ಕಿನ್ ಧರಿಸಿದ್ದ ವ್ಯಕ್ತಿಯು ಹೊಲದ ಕಡೆ ಓಡಿಹೋದದ್ದನ್ನು ಕಂಡಿರುತ್ತೇನೆ.' ನಾಲ್ಕು ಹಾಳೆಯಲ್ಲೂ ಅದೇ ವಾಕ್ಯ. ಎರಡನೆಯ ಹಾಳೆಯ ಹೊತ್ತಿಗೆ ನನಗೆ ಅದನ್ನು ಯೋಚಿಸಬೇಕಾಗಿಯೂ ಇರಲಿಲ್ಲ. ಕೆಂಪು ನಾನು ಹೇಳಿದ್ದು, ಜರ್ಕಿನ್ ಗುಂಪಿನಿಂದ ಬಂದದ್ದು, ಧರಿಸಿದ್ದ ವ್ಯಕ್ತಿ ಎಂಬುದು ನನ್ನ ಒಳ್ಳೆಯ ಕನ್ನಡ.

ಪರಮೇಶಪ್ಪನ ಹೆಂಡತಿ ಗಿರಿಜಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ನಾನು ಹೊರಟಾಗ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಇಷ್ಟು ಜನದಾಗೆ ನೀವೊಬ್ಬರೇ ರೀ ಬಾಯಿ ಬಿಟ್ಟಿದ್ದು" ಎಂದಳು. ಬಸ್ಸಿನಲ್ಲಿ ಕೂತು ನಾನು ಅತ್ತೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಆ ಅಳುವಿನಲ್ಲಿ ಇತ್ತು. ಸಂಜೆಗೆ ಹಾಲೇಶನನ್ನು ಕರೆದುಕೊಂಡು ಹೋದರು.

ಮಾರ್ಚಿನಲ್ಲಿ ಪರೀಕ್ಷೆ ಹತ್ತಿರ ಬಂತು. ಯಾವ ದಿನ ಯಾವ ಪಾಠ ಮಾಡಿದೆ ಎಂಬ ದಾಖಲೆಯನ್ನು ಅತಿಥಿ ಉಪನ್ಯಾಸಕರೆಲ್ಲ ಕೊಡಬೇಕಿತ್ತು. ನಾನದನ್ನು ಬರೆದಿಟ್ಟುಕೊಂಡಿರಲಿಲ್ಲ. ಹಾಗಾಗಿ ಡೈರಿ ತೆಗೆದು ಹಿಂದಿನ ತಿಂಗಳುಗಳನ್ನು ತಿರುವಿದೆ. ಆ ಸೋಮವಾರದ ಪುಟದಲ್ಲಿ ಹೀಗಿದೆ, ಇದ್ದ ಹಾಗೇ ಇಲ್ಲಿ ಇಳಿಸುತ್ತಿದ್ದೇನೆ: "ಬೆಳಿಗ್ಗೆ ಕಣ್ಣೆದುರೇ ಒಬ್ಬ ಇನ್ನೊಬ್ಬನಿಗೆ ಹೊಡೆದ. ಮಂಜು. ನಿನ್ನೆ ಗೋಡೆಯ ಮೇಲೆ ನೋಡಿದಂತೆಯೇ ಎಲ್ಲ ಕಪ್ಪು ಬಿಳಿ. ಮುಖವಿಲ್ಲ. ಬಣ್ಣವೇ ಇಲ್ಲ."

ಬಣ್ಣವೇ ಇಲ್ಲ. ಘಟನೆ ನಡೆದ ದಿನ ನಾನೇ ಬರೆದದ್ದು. ಹೇಳಿಕೆ ಕೊಟ್ಟದ್ದು ಎರಡು ದಿನದ ಮೇಲೆ.

ವಿನುತಳಿಗೆ ತೋರಿಸಿದೆ. ಎರಡು ಸಲ ಓದಿದಳು. "ಆ ಕೋಟು" ಎಂದಳು.

"ಅದೇ ಅಂತೀಯಾ?"

"ಮತ್ತಿನ್ನೇನು? ಭಾನುವಾರ ನೋಡಿದ ಕೆಂಪನ್ನ ಸೋಮವಾರದ ಮಂಜಿಗೆ ಹಚ್ಚಿದೀಯ. ಹೋಗಿ ಹೇಳಿ ಬಾ ಮಾರಾಯ್ತಿ. ಅವನು ಮೂರು ತಿಂಗಳಿಂದ ಒಳಗಿದಾನೆ."

ಅವಳು ಹೇಳಿದಷ್ಟು ಸುಲಭವಾಗಿ ಅದು ನನ್ನ ಮನಸ್ಸಿನಲ್ಲಿ ಕೂರಲಿಲ್ಲ. ಡೈರಿಯ ವಾಕ್ಯವನ್ನು ಮತ್ತೆ ಓದಿದರೆ ಇನ್ನೊಂದು ಅನುಮಾನ. ನಿಜವಾಗಿ ನನಗೆ ಬಣ್ಣ ಕಾಣಲಿಲ್ಲವೋ, ಅಥವಾ ಸಿನಿಮಾದ ಹಾಗೆ ಇತ್ತು ಎಂದು ಬರೆಯುವ ಆಸೆಗೆ ಇದ್ದ ಬಣ್ಣವನ್ನೂ ತೆಗೆದುಹಾಕಿದೆನೋ? ಕೊಲೆಗಾರನ ಕೋಟು ಕೆಂಪನ್ನು ಸೇರಿಸಿರಬಹುದು. ಅದೇ ಸಿನಿಮಾದ ಕಪ್ಪು ಬಿಳುಪು ಕೆಂಪನ್ನು ಅಳಿಸಿಯೂ ಇರಬಹುದು. ನಾನು ಕಲಿಸುತ್ತಿದ್ದ ಪಠ್ಯದ ಮೊದಲ ಅಧ್ಯಾಯ 'ಇತಿಹಾಸದ ಆಕರಗಳು'. ಸಮಕಾಲೀನ ದಾಖಲೆಗೆ ಹೆಚ್ಚು ಬೆಲೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆ ಸಮಕಾಲೀನ ದಾಖಲೆ ಈಗ ನನ್ನ ಕೈಯಲ್ಲಿತ್ತು, ಬರೆದವಳನ್ನೂ ನಾನು ಬಲ್ಲೆ. ನಂಬಲು ಆಗಲಿಲ್ಲ.

ಆದರೂ ಸ್ಟೇಷನ್ನಿಗೆ ಹೋದೆ. ದಫೇದಾರರು ಕೂರಿಸಿ ಚಹಾ ತರಿಸಿದರು. ಪೂರ್ತಿ ಕೇಳಿದರು.

"ಚಾರ್ಜ್‌ಶೀಟ್ ಹೋಗೈತ್ರಿ ಮೇಡಂ. ಇನ್ನ ಏನಿದ್ರೂ ಕೋರ್ಟಿನಾಗೆ. ಅಲ್ಲಾ, ನೀವೊಬ್ಬರೇ ಆಗಿದ್ರೆ ಬ್ಯಾರೆ ಮಾತು. ಐದು ಜನ ಕೆಂಪು ಅಂದಾರೆ. ಐದೂ ಜನಕ್ಕೆ ಮರವು ಬಂತಾ?"

"ಐದೂ ಬರೆದದ್ದು ನಾನೇ ಅಲ್ವಾ?"

"ಬರ್ದಿದ್ದು ನೀವು. ಹೇಳಿದ್ದು ಅವರು." ಅವರು ಬೇಸರದಿಂದಲೇ ಹೇಳಿದರು, ಸಿಟ್ಟಿರಲಿಲ್ಲ. "ಸಿನಿಮಾ ನೋಡಿದ್ದೆ ಅಂತ ಮಾತ್ರ ಎಲ್ಲೂ ಹೇಳಬ್ಯಾಡ್ರಿ. ನಗ್ತಾರೆ."

ನಾನು ಬಂದುಬಿಟ್ಟೆ. ಇಲ್ಲಿ ನನ್ನನ್ನು ನಾನೇ ಕ್ಷಮಿಸಿಕೊಳ್ಳುವಂತಿಲ್ಲ. ವಕೀಲರನ್ನು ಹುಡುಕಬಹುದಿತ್ತು, ಹಾಲೇಶನ ಮನೆಯವರಿಗೆ ತಿಳಿಸಬಹುದಿತ್ತು. ವಿನುತ ಹೇಳಿಯೂ ಹೇಳಿದಳು. ಹೇಳಿದ್ದು ಸುಳ್ಳಾದರೆ ನನ್ನ ಮೇಲೇ ಕೇಸು ಹಾಕುತ್ತಾರೆ ಎಂಬ ಹೆದರಿಕೆ, ಮುಂದಿನ ವರ್ಷ ಕಾಲೇಜಿನವರು ಕರೆಯುವುದಿಲ್ಲ ಎಂಬ ಹೆದರಿಕೆ. ನಿಜವಾಗಿ ಅವನೇ ಹೊಡೆದಿದ್ದರೆ ಎಂಬುದೂ ಇತ್ತು. ಅದು ಇದ್ದದ್ದರಿಂದ ಉಳಿದೆರಡು ಹೆದರಿಕೆಗಳನ್ನು ಮುಚ್ಚಿಡುವುದು ಸುಲಭವಾಯಿತು. ಕೋರ್ಟು ಕರೆದಾಗ ಹೇಳಿದರಾಯಿತು ಎಂದುಕೊಂಡೆ. ದಿನಾ ಬಸ್ಸು ಆ ಊರನ್ನು ದಾಟುವಾಗ ಪುಸ್ತಕ ತೆಗೆದು ಓದುವ ಅಭ್ಯಾಸ ಮಾಡಿಕೊಂಡೆ. ಬಿತ್ತನೆಯಾಯಿತು, ಜೋಳ ಆಳೆತ್ತರ ಬೆಳೆಯಿತು, ಮತ್ತೆ ರಸ್ತೆ ಹಳದಿಯಾಯಿತು. ಹಾಲೇಶನಿಗೆ ಜಾಮೀನು ಸಿಕ್ಕಲಿಲ್ಲ. ಅವನ ತುಂಡು ರಸ್ತೆಯಲ್ಲಿ ಆ ವರ್ಷ ಬೇರೆ ಯಾರೋ ಕಾಳು ಹರಡಿದ್ದರು.

ಕೋರ್ಟು ಕರೆದದ್ದು ಆ ಸುಗ್ಗಿಯೂ ಮುಗಿದ ಮೇಲೆ. ಸಾಕ್ಷಿಯ ಕಟಕಟೆಯಲ್ಲಿ ನಿಂತಾಗ ಹಾಲೇಶ ಎದುರಿಗೇ ಇದ್ದ. ತೆಳ್ಳಗಾಗಿದ್ದ, ಕೂದಲು ಸಣ್ಣಗೆ ಕತ್ತರಿಸಿದ್ದರು. ಸರ್ಕಾರಿ ವಕೀಲರು ಏನು ಧರಿಸಿದ್ದ ಎಂದು ಕೇಳಿದಾಗ ನಾನು ಡೈರಿಯನ್ನು ತೆಗೆದೆ. ಸಿನಿಮಾದ ವಿಷಯವನ್ನೂ ಹೇಳಿದೆ. ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ನಿಧಾನವಾಗಿ ಹೇಳಿ ಎಂದು ಬರೆಸಿಕೊಂಡರು.

ಹಾಲೇಶನ ವಕೀಲರು ಎದ್ದು ಕೇಳಿದರು, "ಅಂದರೆ ಹೊಡೆದವನು ಕೆಂಪು ಧರಿಸಿರಲಿಲ್ಲ ಎನ್ನುತ್ತೀರಿ?"

"ಅದನ್ನೂ ಹೇಳಲಾರೆ. ನನಗೆ ಗೊತ್ತಿಲ್ಲ."

ಅವರಿಗೆ ಅಷ್ಟು ಸಾಕಾಗಿತ್ತು. ನನ್ನ ನಂತರ ಬಂದ ನಾಲ್ವರೂ ಒಂದೇ ಮಾತು ಹೇಳಿದರು: ಮೇಡಂ ಬರೆದಿದ್ದರು, ನಾವು ಸೈ ಮಾಡಿದ್ದೆವು. ಮುದುಕರು ಮಾತ್ರ, "ಅವರು ಓದಿದೋರು, ಕಂಡಿರ್ತಾರೆ ಅನ್ಕಂಡೆ ಸ್ವಾಮೀ" ಎಂದು ಸೇರಿಸಿದರು. ಕೇಸಿನಲ್ಲಿ ಬೇರೇನೂ ಇರಲಿಲ್ಲ. ಜರ್ಕಿನ್ನಿನ ಮೇಲೆ ರಕ್ತದ ಕಲೆಯೂ ಸಿಕ್ಕಿರಲಿಲ್ಲ, ತೊಳೆದಿದ್ದರಿಂದಲೋ, ಮೊದಲಿಗೇ ಇಲ್ಲದ್ದರಿಂದಲೋ.

ತೀರ್ಪಿನ ದಿನ ನಾನು ಹೋಗಬೇಕೆಂದಿರಲಿಲ್ಲ, ಹೋದೆ. ಬಿಡುಗಡೆ ಎಂದರು. ಹಾಲೇಶನ ತಾಯಿ ಜೋರಾಗಿ ಅತ್ತರು. ಅವನು ನನ್ನ ಮುಂದೆಯೇ ಹಾದು ಹೋದ. ಕೈ ಮುಗಿಯಲಿಲ್ಲ, ಬೈಯಲಿಲ್ಲ. ಹದಿನಾಲ್ಕು ತಿಂಗಳು. ನೀನು ಹೊಡೆದೆಯಾ ಎಂದು ಕೇಳಬೇಕೆನ್ನಿಸಿತು, ನನಗೆ ಆ ಹಕ್ಕಿರಲಿಲ್ಲ.

ಹೊರಗೆ ಬಸ್ಸು ನಿಲ್ಲುವ ಜಾಗದಲ್ಲಿ ಗಿರಿಜಮ್ಮ ಒಬ್ಬಳೇ ನಿಂತಿದ್ದಳು. ನಾನು ತಪ್ಪಿಸಿಕೊಂಡು ಹೋಗಬಹುದಿತ್ತು. ಹತ್ತಿರ ಹೋದೆ.

"ಹಂಗಾರೆ ಯಾರು ಹೊಡದ್ರು ರೀ?" ಎಂದಳು. ಜಗಳದ ಧ್ವನಿಯಲ್ಲ.

"ಗೊತ್ತಿಲ್ಲ ಗಿರಿಜಮ್ಮ."

"ನೀವು ಕಣ್ಣಾರೆ ನೋಡಿದ್ರಲ್ಲ."

"ನೋಡಿದೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವನ ಮನಿ ಮುಂದೆನೇ ನಾನು ದಿನಾ ನೀರಿಗೆ ಹೋಗಬೇಕು. ಇವತ್ತಿನಿಂದ ಅವನು ಜಗಲಿ ಮ್ಯಾಲೆ ಕುಂತಿರ್ತಾನೆ. ನಾನು ಏನ್ ಅನ್ಕಂಡು ಹೋಗ್ಲಿ?"

ಅವಳು ಬಸ್ಸು ಬರುವ ದಿಕ್ಕಿಗೊಮ್ಮೆ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

"ನೀವು ಮೊದ್ಲು ಹೇಳಿದ್ದನ್ನೇ ನಾನು ಇಟ್ಕಂತೀನ್ರಿ" ಎಂದಳು.

"ಅದು ಸುಳ್ಳಿರಬಹುದು ಗಿರಿಜಮ್ಮ. ಅವನು ಅಲ್ಲದೇ ಇರಬಹುದು."

"ಇರಬೌದು. ಆದ್ರೆ ನಿಮ್ಮ ಎರಡನೇ ಮಾತಿನಾಗೆ ಯಾರೂ ಇಲ್ಲ ನೋಡ್ರಿ. ನನ್ನ ಗಂಡ ಸುಮ್ಮನೆ ಬಿದ್ದು ಸತ್ತಂಗಾತು."

ಅಷ್ಟರಲ್ಲಿ ಬಸ್ಸು ಬಂತು. ಆ ಹೊತ್ತಿನಲ್ಲಿ ಆ ಊರಿನಲ್ಲಿ ನಿಲ್ಲುವ ಬಸ್ಸು ಅದೊಂದೇ. ಗಿರಿಜಮ್ಮ ಮುಂದಿನ ಬಾಗಿಲಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತು, ನೇರ ಮುಂದೆ ನೋಡುತ್ತಿದ್ದಳು. ಹಾಲೇಶ ತನ್ನ ತಾಯಿಯನ್ನು ಹಿಡಿದುಕೊಂಡು ಹಿಂದಿನ ಬಾಗಿಲಲ್ಲಿ ಹತ್ತಿದ. ಕಂಡಕ್ಟರ್ ಬಾಗಿಲು ಬಡಿದ. ನಾನು ಮುಂದಿನ ಬಸ್ಸಿಗೆ ಕಾದೆ.